ಚಾರ್ಜಿಗಿಟ್ಟ ನಾಲಿಗೆ

ಹಜಾರದಲ್ಲಿ ಎಲ್ಲೋ ಟಿಣ್ ಎಂದಿತು. ಚಮಚ ಲೋಟದ ಅಂಚಿಗೆ ತಾಗಿದಷ್ಟು ಸಣ್ಣ ಸದ್ದು. ಪಕ್ಕದಲ್ಲಿ ಮಲಗಿದ್ದ ಗಂಡನ ಲೆಕ್ಕದಲ್ಲಿ ಅದು ಸದ್ದೇ ಅಲ್ಲ. ಅವಳಿಗೆ ಮಾತ್ರ, ಕಿವಿ ಇಷ್ಟು ಹೊತ್ತೂ ಅದಕ್ಕೇ ಕಾದು ಕೂತಿತ್ತೇನೋ ಎಂಬಂತೆ, ಎಚ್ಚರವಾಯಿತು. ಅತ್ತೆಗೆ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದುಹಾಕಿದಂದಿನಿಂದ ಅವಳ ನಿದ್ದೆ ಹೀಗೇ. ಅವರು ಈಗ ಉಸಿರಾಡುವುದು ಕತ್ತಿನ ಬುಡದಲ್ಲಿ ಮಾಡಿಟ್ಟ ತೂತಿನಿಂದ. ಏನಾದರೂ ಆದರೆ ಕೂಗಲಾರರು. ಕೂಗಲಾರದವರೊಬ್ಬರು ಮನೆಯಲ್ಲಿದ್ದರೆ ಉಳಿದವರು ಮೌನಕ್ಕೇ ಕಿವಿಗೊಟ್ಟು ಮಲಗಬೇಕಾಗುತ್ತದೆ. ಅವಳು ಎದ್ದು, ಚಪ್ಪಲಿ ಮೆಟ್ಟದೆ, ಗೋಡೆ ಸವರಿಕೊಂಡು ಹೋದಳು. ಅತ್ತೆಯ ಕೋಣೆಯ ಬಾಗಿಲು ಎಂದಿನಂತೆ ಅರ್ಧ ತೆರೆದಿತ್ತು. ಒಳಗಿಂದ ಉಸಿರು ಸರಿಯಾಗಿಯೇ ಬರುತ್ತಿತ್ತು. ಸದ್ದು ಮಾಡಿದ್ದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಚಾರ್ಜಿಗಿಟ್ಟಿದ್ದ ನಾಲಿಗೆ.

ಮನೆಯಲ್ಲಿ ಅದರ ಹೆಸರು ಅದೇ. ಆ ಟ್ಯಾಬ್ಲೆಟ್ಟನ್ನು ಊರೆಲ್ಲ ಹಲಗೆ ಎನ್ನುತ್ತಿತ್ತು. ಹಲಗೆ ಎಂದರೆ ಆ ಒಂದು ಕಂಪನಿಯ ಹಲಗೆಯೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಅದನ್ನು ಅತ್ತೆಯ ತೊಡೆಯ ಮೇಲಿಟ್ಟು, ಚೌಕಗಳನ್ನು ಒತ್ತಿದರೆ ಅದು ಮಾತಾಡುವ ಬಗೆಯನ್ನು ತೋರಿಸಿಕೊಟ್ಟ ದಿನ, ಅತ್ತೆ ಅತ್ತಿರಲಿಲ್ಲ, ನಕ್ಕಿರಲೂ ಇಲ್ಲ. ನಡುಗುವ ಬೆರಳಿನಿಂದ ಒಂದೊಂದೇ ಚೌಕ ಹುಡುಕಿ ಒತ್ತಿ ಮೊದಲ ಮಾತು ಆಡಿಸಿದ್ದರು: ಮನೆಗೆ ಹೋದ ಮೇಲೆ ನನ್ನ ನಾಲಿಗೆ ಚಾರ್ಜಿಗೆ ಹಾಕು. ಪೆನ್ನು ಹಿಡಿಯಲಾಗದಷ್ಟು ನಡುಗುವ ಕೈ ಅದು. ಚೌಕಗಳು ದೊಡ್ಡದಾಗಿದ್ದವು, ಸಾಲುತ್ತಿತ್ತು.

ಈಗ ಪರದೆಯ ಮೇಲೆ ಬೇರೇನೋ ಇತ್ತು. ಹೊಸ ಆವೃತ್ತಿ ಸಿದ್ಧವಾಗಿದೆ, ನಿಮ್ಮ ಅನುಭವವನ್ನು ಇನ್ನಷ್ಟು ಸೊಗಸಾಗಿಸಲಿದ್ದೇವೆ. ಅದರ ಕೆಳಗೆ ಅಂಗೈಯಗಲದ ನೀಲಿ ಪಟ್ಟಿಯಲ್ಲಿ 'ಒಪ್ಪುತ್ತೇನೆ'. ಅದಕ್ಕೂ ಕೆಳಗೆ, ಬೂದು ಬಣ್ಣದಲ್ಲಿ, ಇದೆಯೋ ಇಲ್ಲವೋ ಎಂಬಂತೆ, 'ಆಮೇಲೆ'. ಔಷಧಿಯ ಡಬ್ಬಿಗಳೊಳಗೆ ಮಡಚಿ ಇಡುವ ತೆಳು ಕಾಗದಗಳ ಕರಡು ತಿದ್ದುವುದು ಅವಳ ಕೆಲಸ. ಅಡ್ಡಪರಿಣಾಮಗಳನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಹಾಕಿದರೆ ಅವಳು ಕೆಂಪು ಗೆರೆ ಎಳೆದು ಮುದ್ರಣದವರಿಗೆ ವಾಪಸು ಕಳಿಸುತ್ತಾಳೆ. ಯಾರೂ ಓದದ್ದನ್ನು ಕೊನೆಯ ಸಾಲಿನವರೆಗೆ ಓದುವವಳು ಎಂದು ಆಫೀಸಿನಲ್ಲಿ ಅವಳನ್ನು 'ಭೂತಗನ್ನಡಿ' ಎಂದು ಕರೆಯುತ್ತಾರೆ. ಹಲಗೆಯಲ್ಲಿ ಬರುವುದನ್ನೆಲ್ಲ ಓದುವವಳೂ ಅವಳೇ. ಆ ಚೌಕಗಳ ಆ್ಯಪ್ ಮಾಡಿದವರು, ಯಾವುದೋ ಊರಿನ ಗಂಡ ಹೆಂಡತಿ, ಕೆಲವು ದಿನಗಳ ಹಿಂದೆಯೇ ಕಳಿಸಿದ್ದ ಸಂದೇಶವನ್ನು ಅವಳು ಓದಿದ್ದಳು: ಕಂಪನಿಯವರು ಹೊಸ ಆವೃತ್ತಿ ಕಳಿಸುತ್ತಾರೆ, ದಯವಿಟ್ಟು ಒಪ್ಪಬೇಡಿ, ಅದರಲ್ಲಿ ನಮ್ಮದನ್ನು ನಡೆಯಗೊಡುವುದಿಲ್ಲವಂತೆ. ಯಾರೂ ಏನೂ ಒತ್ತಬೇಡಿ ಎಂದು ಗಂಡನಿಗೂ ಅತ್ತೆಗೂ ಎರಡೆರಡು ಸಲ ಹೇಳಿದವಳು ಅವಳೇ. ಹೀಗೆ ಎಲ್ಲವನ್ನೂ ಬಲ್ಲ ಅವಳು ಆ ಬೆಳಕಿನ ಮುಂದೆ ಬಗ್ಗಿ ನಿಂತಿದ್ದಾಗ ಅವಳ ಬೆರಳು ನೀಲಿಯ ಮೇಲಿತ್ತು. ಒತ್ತಿದಳೋ ತಾಗಿತೋ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಬೆರಳು ಉತ್ತರ ಕೊಡಲಿಲ್ಲ. ಅದು ಅಲ್ಲಿತ್ತು, ಗಾಜು ಬೆಚ್ಚಗಿತ್ತು, ಅಷ್ಟೇ. ಒಂದು ತೆಳುವಾದ ಗೆರೆ ಎಡದಿಂದ ಬಲಕ್ಕೆ ತುಂಬತೊಡಗಿತು. ತಡೆಯುವ ಗುಂಡಿ ಎಲ್ಲೂ ಇರಲಿಲ್ಲ. ಅವಳು ನಿಂತು ನೋಡಿದಳು. ನೋಡುತ್ತ ನಿಂತಾಗ ಅವಳಿಗಾದದ್ದು ಹೆದರಿಕೆಯಲ್ಲ, ಬಹಳ ದಿನ ಹೊತ್ತದ್ದನ್ನು ಕೆಳಗಿಟ್ಟಾಗ ಭುಜಕ್ಕೆ ಆಗುವಂಥದ್ದು. ಅದು ತಿಳಿದಾಗಲೇ ಹೆದರಿಕೆ ಬಂತು.

ಆ ಚೌಕಗಳಲ್ಲಿದ್ದದ್ದು ಅವಳ ದನಿ. ಆ್ಯಪಿನ ಜೊತೆ ಬಂದ ದನಿ ಬಸ್‌ ನಿಲ್ದಾಣದಲ್ಲಿ ಕೇಳುವಂಥದ್ದು. ಅತ್ತೆ ಮುಖ ತಿರುಗಿಸಿದ್ದರು. ಮನೆಯವರ ದನಿಯನ್ನೇ ಹಾಕಬಹುದು ಎಂದಾಗ ದೂರದಲ್ಲಿರುವ ನಾದಿನಿ, ನಾನು ಮಾಡಿ ಕಳಿಸ್ತೀನಿ ಅಂದವಳು ಕಳಿಸಲಿಲ್ಲ. ಹಾಗಾಗಿ ಸಂಜೆ ಸಂಜೆ ಅವಳು ಬಟ್ಟೆಯ ಬೀರುವಿನೊಳಗೆ ತಲೆ ಹಾಕಿ, ತೂಗುಹಾಕಿದ ಕೋಟುಗಳ ನಡುವೆ, ಹೊರಗಿನ ಸದ್ದು ಬಾರದ ಆ ಕತ್ತಲಿನಲ್ಲಿ ಒಂದೊಂದೇ ಮಾತನ್ನು ಹೇಳಿ ತುಂಬಿಸಿದ್ದಳು. ನೀರು. ಸಾಕು. ಕಿಟಕಿ. ನೋವು. ನೀನು ಬಾ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಯ್ಗುಳ ಬಂದಾಗ ಪಟ್ಟು ಹಿಡಿದರು. ಅದಿಲ್ಲದೆ ಅವರಿಗೆ ಮಾತೇ ಅಲ್ಲ. ಮೂವತ್ತು ವರ್ಷ ಈಜುಕೊಳದ ದಂಡೆಯ ಮೇಲೆ ನಡೆದು ಊರ ಮಕ್ಕಳಿಗೆಲ್ಲ, ಅವರ ಅಪ್ಪ ಅಮ್ಮಂದಿರಿಗೂ, ಈಜು ಕಲಿಸಿದವರು. ಕಾಲು ಬಡಿಯೋ ಕತ್ತೆ ಎಂದು ಅವರು ಕೂಗಿದರೆ ಆಚೆ ದಡದ ಗಡಿಯಾರವೂ ಬೆಚ್ಚುತ್ತಿತ್ತೆಂದು ಗಂಡ ಹೇಳುತ್ತಾನೆ. ಜಡ್ಜೊಬ್ಬರಿಗೂ ಹಾಗೇ ಕೂಗಿದ್ದರಂತೆ. ಕೇಳಿದರೆ, ನೀರಿಗಿಳಿದವರಿಗೆ ನೀವು ಗೀವು ಏನೂ ಇಲ್ಲ, ಮುಳುಗೋವಾಗ ಬಹುವಚನ ಹಾಕ್ಕೊಂಡು ಕೂರಕ್ಕಾಗಲ್ಲ ಅನ್ನುತ್ತಿದ್ದರು. ಅಂಥವರ 'ಕತ್ತೆ'ಯನ್ನು ಅವಳು ಬೀರುವಿನೊಳಗೆ ಹೇಳಿದ್ದು ನೆಗಡಿಯಾದವರು ಕ್ಷಮೆ ಕೇಳುವ ಹಾಗೆ. ಅತ್ತೆ ಕೈ ಎತ್ತಿ ಬೀಸಿದರು: ಇನ್ನೊಂದು ಸಲ. ಮತ್ತೆ. ಮತ್ತೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು ತೋರಿಸಿದರು, ಇಲ್ಲಿಂದ ಬರಬೇಕು. ಕೊನೆಗೆ ಅವಳ ಬಾಯಿಂದ ಬಂದ ಕೂಗಿಗೆ ಗಂಡ ಬಚ್ಚಲಿನಿಂದ ಟವೆಲ್ ಸುತ್ತಿಕೊಂಡು ಓಡಿಬಂದ. ಮೂವರೂ ನಕ್ಕಿದ್ದರು, ಅತ್ತೆ ಸದ್ದಿಲ್ಲದೆ, ಕತ್ತಿನ ತೂತಿನಿಂದ ಗಾಳಿ ಬುಸುಬುಸು ಹಾಯುವಂತೆ.

ಆ ನಗು ಎಷ್ಟು ದಿನ ನಡೆದೀತು. ಅವಳು ಅಡುಗೆಮನೆಯಲ್ಲಿರುವಾಗ ಕೋಣೆಯಿಂದ ಅವಳದೇ ದನಿ ಅವಳನ್ನು ಕರೆಯುತ್ತಿತ್ತು, ಏ, ಎಲ್ಲಿ ಸತ್ತೆ. ಸ್ವಂತ ದನಿಯಲ್ಲಿ ಬೈಸಿಕೊಳ್ಳುವುದು ಹೇಗಿರುತ್ತದೆಂದು ಯಾರಿಗೆ ಹೇಳುವುದು. ಬೇರೆಯವರು ಬೈದರೆ ಮನಸ್ಸಿನೊಳಗಾದರೂ ಎದುರುತ್ತರ ಕೊಡಬಹುದು. ಇದು ಒಳಗಿನಿಂದಲೇ ಬಂದಂತಿರುತ್ತಿತ್ತು, ಹೌದಲ್ಲ, ಎಲ್ಲಿ ಸತ್ತಿದ್ದೆ ಅನಿಸುತ್ತಿತ್ತು. ಅತ್ತೆಯ ತಮ್ಮ ಮನೆಗೆ ಬಂದಿದ್ದಾಗ, ಅವರು ತಮ್ಮ ಹಳೆಯ ಸಾಹಸವೊಂದನ್ನು ಹೇಳುತ್ತಿದ್ದಂತೆ ಹಲಗೆ 'ಸುಳ್ಳುಬುರುಕ' ಎಂದಿತು. ಅವರು ಅಕ್ಕನ ಕಡೆ ನೋಡಲಿಲ್ಲ. ಟೀ ಹಿಡಿದು ನಿಂತಿದ್ದ ಅವಳ ಕಡೆ ತಿರುಗಿ, ನೀನ್ಯಾಕಮ್ಮ ನಡುವೆ ಬಾಯಿ ಹಾಕ್ತೀಯ, ಅಂದರು. ತಪ್ಪು ತಿಳಿದ ಮೇಲೂ ಅವರ ಮುಖ ಪೂರ್ತಿ ಸಡಿಲಾಗಲಿಲ್ಲ. ಅದೂ ಹೋಗಲಿ. ಒಂದು ಸಂಜೆ ಹೊರಗಿನಿಂದ ಅವಳು ಗಂಡನನ್ನು ಕರೆದಳು, ಸ್ವಲ್ಪ ಬಾ ಎಂದು. ಒಳಗಿನಿಂದ ಅವನು, ಬಂದೆ ಅಮ್ಮ, ಎಂದ. ಬಾಗಿಲಿಗೆ ಬಂದು ಅವಳನ್ನು ಕಂಡು ನಿಂತ. ಇಬ್ಬರೂ ಏನೂ ಆಗಲಿಲ್ಲವೆಂಬಂತೆ ತರಕಾರಿ ಚೀಲ ಎತ್ತಿ ಒಳಗಿಟ್ಟರು. ಅಂದಿನಿಂದ ದೀಪ ಆರಿಸಿದ ಮೇಲೆ ಅವಳು ಮಾತಾಡಿದರೆ ಅವನು ಹ್ಞೂ ಎನ್ನುವ ಮುಂಚೆ ಒಂದು ಗಳಿಗೆ ಸುಮ್ಮನಿರುತ್ತಾನೆ. ಅವಳು ಕತ್ತಲಲ್ಲಿ ಮಾತಾಡುವುದನ್ನು ಬಿಟ್ಟಳು. ಯಾರೂ ಬಿಡು ಅನ್ನಲಿಲ್ಲ.

ಬೆಳಿಗ್ಗೆ ಅತ್ತೆ ಹಾಸಿಗೆಯಲ್ಲಿ ಕೂತು ಹಲಗೆ ಎತ್ತಿಕೊಂಡಾಗ ಚೌಕಗಳಿರಲಿಲ್ಲ. ಅವುಗಳ ಜಾಗದಲ್ಲಿ ಒಂದು ಸಣ್ಣ ಬೀಗದ ಚಿತ್ರ, ಪಕ್ಕದಲ್ಲಿ ಕಂಪನಿಯದೇ ಹೊಸ ಕಿಟಕಿ, ಅದಕ್ಕೆ 'ನಿಮ್ಮ ದನಿ' ಎಂದು ಹೆಸರು. ಅತ್ತೆ ಸ್ವಲ್ಪ ಹೊತ್ತು ಬೆರಳು ಗಾಳಿಯಲ್ಲಿಟ್ಟುಕೊಂಡು ಕೂತರು. ಆಮೇಲೆ ನೀರು ಕೊಡು ಎಂದು ಅಕ್ಷರ ಅಕ್ಷರ ಹುಡುಕಿ ಒತ್ತಿದರು. ಯಾರದೂ ಅಲ್ಲದ, ಜೇನಿನಲ್ಲಿ ಅದ್ದಿ ತೆಗೆದಂಥ ಹೆಂಗಸಿನ ದನಿಯೊಂದು, ದಯವಿಟ್ಟು ನೀರು ಕೊಡಿ, ಎಂದಿತು. ಅತ್ತೆ ಹಲಗೆಯನ್ನು ದೂರ ಹಿಡಿದು ನೋಡಿದರು, ಕೂಸು ಇದ್ದಕ್ಕಿದ್ದಂತೆ ಇಂಗ್ಲಿಷ್ ಮಾತಾಡಿದ ಹಾಗೆ. ಗಂಡ ನಗುತ್ತ, ಅಮ್ಮ, ಏನಿದು, ಹುಷಾರಾಗಿದ್ದೀಯ ತಾನೆ, ಅಂದ. ಅತ್ತೆ ಕತ್ತೆ ಎಂದು ಬರೆದು ಒತ್ತಿದರು. ಹಲಗೆ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದರು. ಬೇರೊಂದು ಪದ ಆರಿಸಿಕೊಳ್ಳಿ ಎಂದು ಅದು ಮೆಲ್ಲಗೆ ಸೂಚಿಸಿತು. ಅತ್ತೆಯ ತುಟಿಗಳು ಮಾತ್ರ ಸದ್ದಿಲ್ಲದೆ ಆ ಎರಡಕ್ಷರವನ್ನು ಮಾಡಿದವು, ಗಾಜಿನಾಚೆಯ ಮೀನಿನ ಹಾಗೆ. ಗಂಡನ ನಗು ನಿಂತಿತು.

"ಯಾರು ಒತ್ತಿದ್ದು ಇದನ್ನ? ನೀನೇ ಹೇಳಿದ್ದೆ, ಯಾರೂ ಒತ್ಬೇಡಿ ಅಂತ."

"ರಾತ್ರಿ ತಾನಾಗೇ ಆಗಿರ್ಬೇಕು," ಎಂದಳು ಅವಳು. ಬಾಯಿಗೆ ಅಷ್ಟು ಸಲೀಸಾಗಿ ಬಂದದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಅತ್ತೆ ಕೋಣೆಯ ಕಿಟಕಿಯಾಚೆ ನೋಡುತ್ತಿದ್ದರು.

ಅವಳು ಅರ್ಧ ದಿನ ರಜೆ ಹಾಕಿ ಹಲಗೆಯನ್ನು ಟವೆಲಿನಲ್ಲಿ ಸುತ್ತಿ ಕಂಪನಿಯ ಅಂಗಡಿಗೆ ಹೊರಟಳು. ದಾರಿಯ ಅಂಗಡಿಸಾಲಿನಲ್ಲಿ ಮುಂಚೆ ಒಬ್ಬಾತ ಬಗೆಬಗೆಯ ಹಲಗೆ ಮಾರುತ್ತಿದ್ದ, ಒಂದೊಂದರ ಗುಣದೋಷ ಹೇಳುವಷ್ಟರಲ್ಲಿ ಬಾಯಿ ಒಣಗುತ್ತಿತ್ತು ಅವನಿಗೆ. ಈಗ ಅದೇ ಅಂಗಡಿಯ ತುಂಬ ಆ ಒಂದೇ ಹಲಗೆಗೆ ತೊಡಿಸುವ ಅಂಗಿಗಳು ನೇತಾಡುತ್ತಿದ್ದವು, ಕೆಂಪು, ಹಸಿರು, ಚುಕ್ಕಿಯವು. ಅವನು ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ಬೇರೆಯದು ಸಿಗುತ್ತದೆಯೇ ಎಂದು ಕೇಳಲು ಅವಳು ಹೆಜ್ಜೆ ನಿಧಾನ ಮಾಡಿದಳು, ಕೇಳಲಿಲ್ಲ. ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಳ್ಳುವುದು ಇದರ ಮೇಲೆಯೇ, ಆಸ್ಪತ್ರೆಯಲ್ಲಿ ಹೆಸರು ಬರೆಸುವುದು ಇದರ ಮೇಲೆಯೇ, ಅವಳ ಆಫೀಸಿನಲ್ಲೂ ಕರಡುಗಳು ಕಾಗದ ಬಿಟ್ಟು ಇದರೊಳಕ್ಕೆ ಹೋಗುತ್ತಿವೆ. ಯಾರೂ ಬಲವಂತ ಮಾಡಿದ್ದಿಲ್ಲ. ಪ್ರತಿಯೊಬ್ಬರೂ ಯಾವುದೋ ಒಂದು ಸಣ್ಣ ಅನುಕೂಲಕ್ಕೆ ಒಪ್ಪುತ್ತೇನೆ ಎಂದಿದ್ದಾರೆ, ಆಮೇಲೆ ಅದು ಎಲ್ಲ ಕಡೆ ಇದೆ.

ಅಂಗಡಿ ಆಸ್ಪತ್ರೆಗಿಂತ ಶುಭ್ರವಾಗಿತ್ತು. ನೀಲಿ ಅಂಗಿಯ ಹೆಂಗಸೊಬ್ಬಳು ಟವೆಲ್ ಬಿಚ್ಚಿ, ಹಲಗೆಯನ್ನು ನೋಡಿ, ಅದರ ಅಂಚಿಗೆ ಮೆತ್ತಿದ್ದ ಗಂಜಿಯ ಕಲೆಯನ್ನು ಉಗುರಿನಿಂದ ಕೆರೆದಳು. ಅವಳಿಗೆ ತನ್ನ ಮನೆಯನ್ನೇ ಯಾರೋ ಮೂಸಿದಂತಾಯಿತು.

"ಹಿಂದಿನದಕ್ಕೆ ಹೋಗಕ್ಕಾಗಲ್ಲ ಮೇಡಂ. ಮುಂದಕ್ಕೆ ಮಾತ್ರ."

"ಅದರಲ್ಲಿ ನನ್ನ ದನಿ ಇದೆ."

"ನಿಮ್ಮ ದನಿ ನಿಮ್ಮ ಹತ್ರಾನೇ ಇದೆಯಲ್ಲ ಮೇಡಂ." ಅಣಕವಲ್ಲ, ಸಮಾಧಾನವಾಗಿಯೇ ಹೇಳಿದಳು. "ಆ ಆ್ಯಪಿಗೆ ಈಗ ಅನುಮತಿ ಇಲ್ಲ. ಅದು ಮಾಡ್ತಿದ್ದ ಕೆಲಸಾನೆಲ್ಲ ಇದೇ ಮಾಡುತ್ತೆ, ಅದೂ ಪುಕ್ಕಟೆ. ಇನ್ನೇನ್ ಬೇಕು ಹೇಳಿ."

"ಇದಕ್ಕೆ ನೀನು ಅನ್ನೋಕೆ ಬರಲ್ಲ. ನೀನು ಅಂತ ಬರೆದ್ರೆ ನೀವು ಅನ್ನುತ್ತೆ. ಬಾ ಅಂತ ಬರೆದ್ರೆ ಬನ್ನಿ ಅನ್ನುತ್ತೆ."

"ಮರ್ಯಾದೆಗೆ ಹಾಗಿಟ್ಟಿದ್ದಾರೆ ಮೇಡಂ."

"ಬಯ್ಯೋಕೂ ಬರಲ್ಲ."

ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ನೀಲಿ ಅಂಗಿಯವಳಿಗೂ ನಗು ಬಂದು, "ನಿಮಗೆ ಬೈಸ್ಕೋಬೇಕಾ ಮೇಡಂ? ನಮ್ಮತ್ತೇಗೂ ಇಂಥದ್ದೊಂದು ಹಾಕಿಸ್ಬೇಕು ಅಂತಿದೀನಿ ನಾನು," ಎಂದಳು. ಈಗ ಸಾಲೆಲ್ಲ ನಕ್ಕಿತು. ಅವಳೂ ನಕ್ಕಳು, ನಗದಿದ್ದರೆ ಬೇರೇನೋ ಹೊರಬಂದೀತೆಂದು. ಹೇಳಬೇಕಾದ್ದು ಇತ್ತು. ನನ್ನ ಅತ್ತೆ ಯಾರನ್ನೂ ಯಾವತ್ತೂ ನೀವು ಅಂದವರಲ್ಲ, ನೀನು ಅನ್ನುವುದೇ ಅವರಿಗೆ ಕೈ ಹಿಡಿದಂತೆ, ಈಗ ಅವರ ಕೈ ಕಿತ್ತು ಕೈಗವಸು ಕೊಟ್ಟಿದ್ದೀರಿ ಎಂದು. ವಾಕ್ಯ ನೆಟ್ಟಗೆ ಜೋಡಿಸಿಕೊಳ್ಳುವಷ್ಟರಲ್ಲಿ ಹಲಗೆ ಮತ್ತೆ ಟವೆಲಿನೊಳಗಿತ್ತು. ಬಾಗಿಲ ಬಳಿ ಒಂದು ಪರದೆ, ನಮ್ಮ ಸೇವೆ ಹೇಗಿತ್ತು ಎಂದು ಕೇಳುತ್ತಿತ್ತು: ಅಳುವ ಮುಖ, ಸಪ್ಪೆ ಮುಖ, ನಗುವ ಮುಖ. ಅವಳು ಅಳುವ ಮುಖಕ್ಕೆ ಕೈ ಚಾಚಿದಳು. ನೀಲಿ ಅಂಗಿಯವಳು ಅಲ್ಲಿಂದಲೇ ನೋಡುತ್ತಿದ್ದಳು. ಅವಳು ನಗುವ ಮುಖವನ್ನು ಒತ್ತಿ ಹೊರಬಂದಳು.

ಆ್ಯಪ್ ಮಾಡಿದವರಿಗೆ ಅವಳು ಫೋನ್ ಮಾಡಿದ್ದು ಬಸ್ಸು ನಿಲ್ಲುವ ಜಾಗದಲ್ಲಿ ನಿಂತು. ಎತ್ತಿದ್ದು ಗಂಡಸು, ವಯಸ್ಸಾದವರು, ಹಿಂದೆ ಯಾರೋ ಪೆಟ್ಟಿಗೆಗಳನ್ನು ಎಳೆಯುವ ಸದ್ದು. ಬೆಳಗಿಂದ ಇದೇ ಮಾತು ಆಡಿ ಆಡಿ ಅವರ ದನಿಯಲ್ಲಿ ಸಿಟ್ಟು ಸವೆದುಹೋಗಿತ್ತು.

"ಅವರ ಮೆಟ್ಟಿಲ ಮೇಲೆ ಬುಟ್ಟಿ ಇಟ್ಕೊಂಡು ಕೂತಿದ್ವಿ ಅಮ್ಮ ನಾವು. ಬರೋ ಜನರನ್ನ ನೋಡಿ ಅವರಿಗೂ ಖುಷಿ. ಮಾರಿದ್ದರಲ್ಲಿ ಮೂರನೇ ಪಾಲು ಅವರಿಗೇ ಕೊಡ್ತಿದ್ವಿ. ಬುಟ್ಟೀಲಿರೋದು ಖರ್ಚಾಗುತ್ತೆ ಅಂತ ಗೊತ್ತಾಯ್ತು, ಅದನ್ನೇ ಒಳಗಿಟ್ಕೊಂಡ್ರು. ಮೆಟ್ಟಿಲು ಗುಡಿಸಬೇಕು ಏಳಿ ಅಂದ್ರು."

"ಬೇರೆ ಯಾವುದಾದ್ರೂ ಹಲಗೆಗೆ..."

"ಬೇರೆ ಹಲಗೆ ಯಾರ ಮನೇಲಿದೆ ಹೇಳಿ. ನಿಮ್ಮ ಮನೇಲಿ ಇದೆಯಾ?"

ಅವಳು ಟವೆಲಿನ ಕಟ್ಟನ್ನು ಕಂಕುಳಿಗೆ ಒತ್ತಿಕೊಂಡಳು. ತನ್ನ ದನಿ ಏನಾಯಿತೆಂದು ಕೇಳಿದಳು. ಅದು ಅಲ್ಲೇ ಇದೆ, ಅವರು ಹೇಳಿದರು, ಹಲಗೆಯೊಳಗೇ, ಒಂದಕ್ಷರವೂ ಹೋಗಿಲ್ಲ. ನಮ್ಮ ಬಾಗಿಲು ತೆರೆದರೆ ಮಾತ್ರ ಕೇಳುತ್ತದೆ, ಬಾಗಿಲಿಗೆ ಅವರು ಬೀಗ ಹಾಕಿದ್ದಾರೆ. ತನ್ನ ಬಯ್ಗುಳಗಳೆಲ್ಲ ಟವೆಲಿನೊಳಗೆ, ಕಂಕುಳ ಕೆಳಗೆ, ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು.

"ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ಯಾರಮ್ಮ ಒತ್ತಿದ್ದು?"

"ತಾನಾಗೇ ಆಯ್ತು. ರಾತ್ರಿ."

ಆ ಕಡೆ ಪೆಟ್ಟಿಗೆ ಎಳೆಯುವ ಸದ್ದು ನಿಂತಿತು. "ಹೌದು," ಎಂದರು ಅವರು. "ಬೆಳಗಿಂದ ಫೋನ್ ಮಾಡಿದವರ ಮನೇಲೆಲ್ಲ ರಾತ್ರಿ ತಾನಾಗೇ ಆಗಿದೆ."

ಬಸ್ಸು ಬಂದು ಹೋಯಿತು. ಅವಳು ಹತ್ತಲಿಲ್ಲ. ತನ್ನ ಹಾಗೆಯೇ ಎಷ್ಟೋ ಮನೆಗಳಲ್ಲಿ ಎಷ್ಟೋ ಜನ ಹಜಾರದ ಕತ್ತಲಲ್ಲಿ ಬಗ್ಗಿ ನಿಂತಿರುವುದನ್ನು ಅವಳು ಕಂಡಳು: ಮಗ, ಹೆಂಡತಿ, ಸೊಸೆ, ಕಾದು ದಣಿದವರು, ಪ್ರತಿಯೊಬ್ಬರ ಮುಖದ ಮೇಲೂ ಆ ನೀಲಿ. ಕಂಪನಿಯವರಿಗೆ ಇದು ಗೊತ್ತಿದ್ದಿರಬೇಕು. ಗುಂಡಿ ಅಷ್ಟು ದೊಡ್ಡದಾಗಿ ಮಾಡಿದವರು ದಣಿದವರ ಬೆರಳನ್ನು ಅಳೆದೇ ಮಾಡಿರಬೇಕು. ಹೀಗೆ ಯೋಚಿಸಿದಾಗ ಒಂದಿಷ್ಟು ಹಗುರವಾಯಿತು, ಆ ಹಗುರವನ್ನು ಅವಳು ನಂಬಲಿಲ್ಲ. ಅವರು ಗುಂಡಿ ಮಾಡಿದ್ದು ನಿಜ. ಭುಜ ಹಗುರಾದದ್ದು ತನ್ನದು. ಸಂಜೆಯೊಳಗೆ ಹೇಳಿಬಿಡಬೇಕು ಎಂದುಕೊಂಡಳು. ಗಂಡನಿಗಲ್ಲ, ಮೊದಲು ಅತ್ತೆಗೆ. ಅತ್ತೆ, ನಾನೇ ಒತ್ತಿದೆ. ಮೂರು ಪದ ಸಾಲದೆ ಅವಳು ದಾರಿಯುದ್ದಕ್ಕೂ ಅದನ್ನು ತಿದ್ದುತ್ತ ಬಂದಳು, ನಿದ್ದೆಗಣ್ಣಲ್ಲಿ ಎಂದು ಸೇರಿಸಿ, ಹೊಡೆದುಹಾಕಿ, ಗೊತ್ತಿಲ್ಲದೆ ಎಂದು ಸೇರಿಸಿ, ಅದನ್ನೂ ಹೊಡೆದುಹಾಕಿ.

ಮನೆ ತಲುಪಿದಾಗ ಹೊತ್ತು ಇಳಿದಿತ್ತು. ಗಂಡ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. "ಆಯ್ತಾ?" ಎಂದ. ಅವಳು ತಲೆ ಅಲ್ಲಾಡಿಸಿದಳು. "ಹೋಗ್ಲಿ ಬಿಡು. ಇಳಿವಯಸ್ಸಲ್ಲಿ ಅಮ್ಮ ಮರ್ಯಾದಸ್ಥೆ ಆಗೋದಿದ್ರೆ ಆಗ್ಲಿ," ಎಂದು ನಲ್ಲಿ ಜೋರು ಮಾಡಿದ. ಹಾಗೆಂದವನ ಬೆನ್ನು ಮಾತ್ರ ತಮಾಷೆ ಮಾಡುವವರ ಬೆನ್ನಿನಂತಿರಲಿಲ್ಲ.

ಅತ್ತೆ ಮಬ್ಬಿನಲ್ಲಿ ದಿಂಬಿಗೊರಗಿ ಕೂತಿದ್ದರು. ಅವಳು ಹಲಗೆಯನ್ನು ಅವರ ಮೊಣಕಾಲಿನ ಮೇಲಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತಳು. "ಅತ್ತೆ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು," ಎಂದು ಶುರು ಮಾಡಿದಳು. ಅತ್ತೆ ತಾಳು ಎಂಬಂತೆ ಒಂದು ಬೆರಳೆತ್ತಿದರು. ಬರೆಯತೊಡಗಿದರು. ಹಲಗೆ ಅವರ ಕಡೆ ವಾಲಿತ್ತು. ಅವಳಿಗೆ ಕಾಣುತ್ತಿದ್ದದ್ದು ಅದರ ಹೊಳೆಯುವ ಬೆನ್ನು, ಬೆನ್ನಿನ ಮೇಲೆ ಕಂಪನಿಯ ಗುರುತು. ಬೆರಳು ಗಾಜಿಗೆ ತಾಗುವ ಸದ್ದು, ತಪ್ಪಿ ಅಳಿಸುವ ಸದ್ದು, ಮತ್ತೆ ತಾಗುವ ಸದ್ದು. ಅದು ಬಹಳ ಹೊತ್ತು ನಡೆಯಿತು. ಆಮೇಲೆ ಆ ಜೇನಿನ ದನಿ, ಬೆಳಿಗ್ಗೆ ನೀರು ಕೇಳಿದ ಅದೇ ರಾಗದಲ್ಲಿ, ಹೇಳಿತು:

"ರಾತ್ರಿ ನೀವು ಒತ್ತಿದ್ದನ್ನು ನಾನು ನೋಡಿದೆ."

ಅವಳು ಅತ್ತೆಯ ಮುಖ ನೋಡಿದಳು. ಮಬ್ಬು ಕವಿದ ಕೋಣೆಯಲ್ಲಿ ಆ ಮುಖದ ಮೇಲೆ ಹಲಗೆಯ ಬೆಳಕು ಮಾತ್ರ ಇತ್ತು, ಅದರಲ್ಲಿ ಏನೂ ಓದಲು ಬರುತ್ತಿರಲಿಲ್ಲ. ನೀವು. ನೀನು ಎಂದು ಬರೆದದ್ದನ್ನು ಅದು ತಿದ್ದಿರಬಹುದು, ಬೆಳಗಿನಿಂದ ತಿದ್ದುತ್ತಲೇ ಇದೆ. ಅಥವಾ ಈ ಒಂದು ಸಲ ಅತ್ತೆಯೇ ಹುಡುಕಿ, ತಪ್ಪಿ, ಅಳಿಸಿ, ಬೇಕೆಂದೇ ಅದನ್ನು ಬರೆದಿರಬಹುದು, ಸೊಸೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಮೊದಲ ಸಲ, ಹೊರಗಿನವರನ್ನು ಬಾಗಿಲಲ್ಲೇ ನಿಲ್ಲಿಸುವ ಹಾಗೆ. ಎರಡೂ ಒಂದೇ ಥರ ಕೇಳುತ್ತವೆ. ಬೈದಿದ್ದರೆ ತಿಳಿಯುತ್ತಿತ್ತು. ಕತ್ತೆ ಎಂದಿದ್ದರೆ, ಅದೂ ತನ್ನದೇ ದನಿಯಲ್ಲಿ, ತಿಳಿಯುತ್ತಿತ್ತು. ಅತ್ತೆ ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದರು. ಮತ್ತೇನೋ ಬರೆದರು.

"ದಯವಿಟ್ಟು ದೀಪ ಹಾಕಿ," ಎಂದಿತು ಹಲಗೆ.

ಅವಳು ಎದ್ದು ದೀಪ ಹಾಕಿದಳು. ಬೆಳಕಿನಲ್ಲಿ ಅತ್ತೆ ಹೊದಿಕೆಯ ಮಡಿಕೆ ಸರಿಮಾಡಿಕೊಳ್ಳುತ್ತಿದ್ದರು. ಅವಳು ಕೂತಿದ್ದ ಜಾಗ ಹಾಸಿಗೆಯ ಮೇಲೆ ಇನ್ನೂ ಕುಳಿಯಾಗಿಯೇ ಇತ್ತು, ಅತ್ತೆ ಅದನ್ನು ನೇವರಿಸಿ ಸಮ ಮಾಡಲಿಲ್ಲ, ಕೂರು ಎಂದು ತಟ್ಟಲೂ ಇಲ್ಲ.

"ಏನಂತೆ ಅಮ್ಮಂಗೆ?" ಗಂಡ ಅಡುಗೆಮನೆಯಿಂದ ಕೇಳಿದ.

ಹೇಳುವುದಾದರೆ ಪೂರ್ತಿ ಹೇಳಬೇಕು. ಒತ್ತಿದ್ದನ್ನೂ, ಅತ್ತೆ ಅದನ್ನು ನೋಡಿದ್ದನ್ನೂ, ನೋಡಿ ಹೇಳಿದ ಮಾತನ್ನೂ. ಆ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ, ನೀನು ಅಂದರು ಎನ್ನುವುದೋ ನೀವು ಅಂದರು ಎನ್ನುವುದೋ, ಯಾವುದನ್ನು ಹೇಳಿದರೂ ಅದೇ ಗಟ್ಟಿಯಾಗಿ ನಿಂತುಬಿಡುತ್ತದೆ. ಜೀವಮಾನವಿಡೀ ಅಕ್ಷರ ತಿದ್ದಿದವಳಿಗೆ ಆ ಒಂದಕ್ಷರವನ್ನು ಮುಟ್ಟುವ ಧೈರ್ಯವಾಗಲಿಲ್ಲ. ಗಂಡನಿಗೂ ಇಲ್ಲ, ನಾದಿನಿಗೂ ಇಲ್ಲ, ಯಾರಿಗೂ ಇಲ್ಲ ಎಂದು ಅವಳು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿರ್ಧರಿಸಿದಳು.

"ಏನಿಲ್ಲ," ಎಂದಳು. "ದೀಪ ಹಾಕ್ಬೇಕಿತ್ತಂತೆ."